ನಗುವಿಗೂ ಹುಂಡಾ ಕಟ್ಟಬೇಕೆ?



ಹುಂಡಾ ಅಂದರೆ ರೊಕ್ಕ, ಬಂಗಾರ, ಗಾಡಿ, ಮದುವೆಯ ಖರ್ಚು ಎಂದು ನಾವು ಇಷ್ಟು ವರ್ಷ ಲೆಕ್ಕ ಹಿಡಿದುಕೊಂಡು ಬಂದಿದ್ದೇವೆ. ಹಿರಿಯರು ಕುಳಿತು ಯಾದಿ ಮಾಡುವಾಗ ಬರೆಯುವುದೂ ಇಷ್ಟನ್ನೇ. ಆದರೆ ಯಾದಿಯಲ್ಲಿ ಬರೆಯದೆಯೇ ವಸೂಲಾಗುವ ಹೊಸ ಬಾಬ್ತೊಂದು ಬೆಳಗಾವಿ ಶಹರದಲ್ಲೂ ಖಾನಾಪುರದ ಕಡೆಯ ಹಳ್ಳಿಗಳಲ್ಲೂ ಸೇರಿಕೊಂಡಿದೆ. ಅದು ಹುಡುಗಿಯ ಹಲ್ಲು. "ಹುಡುಗಿ ಛಲೋ ಅದಾಳ್ರಿ, ಆದ್ರ ಮುಂದಿನ ಹಲ್ಲು ಒಂದೀಟು ಸರಿ ಮಾಡ್ಸಿಬಿಡ್ರಿ, ಲಗ್ನದಾಗ ಫೋಟೋ ಚಂದ ಬರ್ತಾವ" ಎಂದು ಬೀಗರಾಗಬೇಕಾದವರು ಚಹಾ ಕುಡಿಯುತ್ತ ಹೇಳುತ್ತಾರೆ. ಕೇಳಲು ಸಲಹೆಯಂತಿದೆ. ಬಿಡಿಸಿ ನೋಡಿದರೆ ಅದರೊಳಗೆ ಬೇಡಿಕೆ ಇದೆ, ಗಡುವು ಇದೆ, ಒಪ್ಪದಿದ್ದರೆ ಸಂಬಂಧ ಮುರಿಯುವ ಬೆದರಿಕೆಯೂ ಇದೆ. ಇದಕ್ಕೆ ಹುಂಡಾ ಎನ್ನದೆ ಬೇರೆ ಯಾವ ಹೆಸರಿಡಬೇಕು?

ದನದ ಸಂತೆಯನ್ನು ನೀವೆಲ್ಲ ಕಂಡವರು. ಎತ್ತು ಕೊಳ್ಳುವವನು ಬಾಯಿ ಅಗಲಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿ ಕೂಡಿದ್ದೋ ಎಂದು ತಿಳಿದು ಬೆಲೆ ಕಟ್ಟುತ್ತಾನೆ. ಆದರೆ ಅಲ್ಲಿ ಹಲ್ಲು ನೋಡಿದವನೇ ರೊಕ್ಕ ಎಣಿಸಿ ಕೊಡುತ್ತಾನೆ. ನಮ್ಮ ಪಡಸಾಲೆಯಲ್ಲಿ ಕನ್ಯಾ ನೋಡಲು ಬಂದವರು ಹಲ್ಲನ್ನೂ ನೋಡುತ್ತಾರೆ, ರೊಕ್ಕವನ್ನೂ ಒಯ್ಯುತ್ತಾರೆ. ದನದ ಸಂತೆಯಲ್ಲಿ ಇರುವಷ್ಟು ನ್ಯಾಯವೂ ಮದುವೆಯ ಮಾತುಕತೆಯಲ್ಲಿ ಇಲ್ಲ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎಂಬ ಗಾದೆ ನಮ್ಮಲ್ಲಿದೆ. ಮಗಳು ದಾನ ಕೊಡುವ ವಸ್ತುವಲ್ಲ ಎಂಬುದು ನಮ್ಮ ವಾದ. ಕನ್ಯಾದಾನ ಎಂದು ಧಾರೆ ಎರೆಸಿಕೊಳ್ಳುವವರು ಕಡೆಗೆ ತಮ್ಮದೇ ಗಾದೆಗಾದರೂ ಮರ್ಯಾದೆ ಕೊಡಬಾರದೆ? ಅದೇ ಪಡಸಾಲೆಯಲ್ಲಿ ಗುಟ್ಕಾ ತಿಂದು ಕೆಂಪಾದ ಹಲ್ಲು ಬಿಟ್ಟುಕೊಂಡು ಕುಳಿತ ವರನ ಬಾಯಿಯನ್ನು ಯಾರಾದರೂ ನೋಡುತ್ತಾರೆಯೇ? ಅವನು ಗಂಡಸು, ಅವನ ಹಲ್ಲಿಗೆ ಪರೀಕ್ಷೆ ಇಲ್ಲ.

ಇದು ನಮ್ಮ ಭಾಗದ ಮಾತಷ್ಟೇ ಅಲ್ಲ. ೨೦೧೯ರ ಅಕ್ಟೋಬರಿನಲ್ಲಿ ಹೈದರಾಬಾದಿನ ಹೆಣ್ಣುಮಗಳೊಬ್ಬಳು ಪೊಲೀಸರಿಗೆ ಕೊಟ್ಟ ದೂರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮದುವೆಯಾಗಿ ನಾಲ್ಕೇ ತಿಂಗಳು. ಕೇಳಿದ್ದನ್ನೆಲ್ಲ ತವರಿನವರು ಕೊಟ್ಟಿದ್ದರು. ಆಮೇಲೆ ಮತ್ತೆ ಬಂಗಾರ, ಮತ್ತೆ ರೊಕ್ಕ. ಕೊನೆಗೆ ಗಂಡ "ನಿನ್ನ ಹಲ್ಲು ವಕ್ರ, ನೀನು ನನಗೆ ಬೇಡ" ಎಂದು ತಲಾಖ್ ಹೇಳಿದ ಎಂಬುದು ಅವಳ ದೂರು. ಇದನ್ನು ಒಂದು ಧರ್ಮದ ಕಥೆ ಎಂದು ಪಕ್ಕಕ್ಕೆ ಸರಿಸಬೇಡಿ. ತಲಾಖ್ ಎನ್ನುವ ಶಬ್ದ ಇಲ್ಲದ ಮನೆಗಳಲ್ಲಿ "ತವರಿಗೆ ಹೋಗು" ಎನ್ನುವ ಶಬ್ದ ಇದೆ. ಈ ದೂರಿನಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ರೊಕ್ಕ, ಆಮೇಲೆ ಹಲ್ಲು. ಮದುವೆಗೆ ಮುಂಚೆ ನೇರವಾಗಿ ಕಂಡಿದ್ದ ಹಲ್ಲು ರೊಕ್ಕ ಬರುವುದು ನಿಂತ ದಿನ ವಕ್ರವಾಗಿ ಕಾಣತೊಡಗುತ್ತದೆ. ಹಲ್ಲನ್ನು ಎಷ್ಟೇ ಸರಿಪಡಿಸಿದರೂ ಅಂಥವರಿಗೆ ನಾಳೆ ಮೂಗು ಸಿಗುತ್ತದೆ, ನಾಡಿದ್ದು ಬಣ್ಣ ಸಿಗುತ್ತದೆ. ಕೊರತೆ ಇರುವುದು ಹುಡುಗಿಯ ಬಾಯಲ್ಲಿ ಅಲ್ಲ, ಅವರ ಹೊಟ್ಟೆಯಲ್ಲಿ.

ಈಗ ಈ 'ಸರಿ ಮಾಡಿಸುವುದು' ಎಂದರೆ ಏನೆಂದು ತಿಳಿದುಕೊಳ್ಳೋಣ. ತಿಳಿಯದೆ ಸಹಿ ಹಾಕುವ ಅಭ್ಯಾಸವನ್ನು ಸಾಲದ ಕಾಗದದಲ್ಲಿ ಬಿಟ್ಟಿದ್ದೇವೆ, ಹಲ್ಲಿನ ವಿಷಯದಲ್ಲೂ ಬಿಡಬೇಕು. ಹಲ್ಲು ಸ್ವಚ್ಛ ಮಾಡಿಸಿ ಗಾರೆ ತೆಗೆಸುವುದು ಆರೋಗ್ಯದ ಕೆಲಸ, ಅದರಲ್ಲಿ ತಕರಾರಿಲ್ಲ. ಬ್ಲೀಚಿಂಗ್ ಎಂದರೆ ಪೆರಾಕ್ಸೈಡ್ ಎಂಬ ರಾಸಾಯನಿಕ ಹಚ್ಚಿ ಬಣ್ಣ ತಿಳಿಗೊಳಿಸುವುದು. ಅದು ಕಾಯಂ ಅಲ್ಲ, ಕೆಲವರಿಗೆ ಹಲ್ಲು ಜುಮ್ಮೆನ್ನುತ್ತದೆ, ಒಸಡು ಉರಿಯುತ್ತದೆ. ತಂತಿ ಅಥವಾ ಕ್ಲಿಪ್ ಹಾಕಿ ಹಲ್ಲು ಸರಿಸಲು ಸಾಮಾನ್ಯವಾಗಿ ಒಂದೂವರೆ-ಎರಡು ವರ್ಷ ಬೇಕು. ಅದಾದ ಮೇಲೂ ಹಲ್ಲು ಹಿಂದಿನ ಜಾಗಕ್ಕೆ ತಿರುಗದಂತೆ ರಿಟೇನರ್ ಹಾಕಿಕೊಳ್ಳಬೇಕು. ಆದರೆ ಎರಡು ತಿಂಗಳಿಗೆ ಮುಹೂರ್ತ ಇಟ್ಟವರಿಗೆ ಎರಡು ವರ್ಷ ಎಲ್ಲಿಂದ ಬರಬೇಕು? ಆಗ ಬರುವುದೇ ವಿನೀರ್ ಮತ್ತು ಕ್ಯಾಪ್. ಹಲ್ಲಿನ ಹೊರಗಿನ ಗಟ್ಟಿ ಕವಚಕ್ಕೆ ಎನಾಮಲ್ ಎನ್ನುತ್ತಾರೆ. ವಿನೀರ್ ಕೂಡಿಸಲು ಸಾಮಾನ್ಯವಾಗಿ ಅದನ್ನು ಮುಂಭಾಗದಲ್ಲಿ ಉಜ್ಜಿ ತೆಳುಮಾಡಿ, ಮೇಲೆ ಪಿಂಗಾಣಿಯ ಪದರ ಅಂಟಿಸುತ್ತಾರೆ. ಕ್ಯಾಪಿಗಾದರೆ ಸುತ್ತಲೂ ಇನ್ನೂ ಹೆಚ್ಚು ಅರೆಯುತ್ತಾರೆ. ಚರ್ಮ ಸುಲಿದರೆ ಬೆಳೆಯುತ್ತದೆ, ಎಲುಬು ಮುರಿದರೆ ಕೂಡುತ್ತದೆ, ಆದರೆ ಎನಾಮಲ್ ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಪಿಂಗಾಣಿಯೂ ಶಾಶ್ವತವಲ್ಲ, ಹತ್ತು-ಹದಿನೈದು ವರ್ಷದಲ್ಲಿ ಬದಲಿಸಬೇಕಾಗಬಹುದು. ಇಪ್ಪತ್ತೆರಡರ ಹುಡುಗಿ ಒಂದು ದಿನದ ಫೋಟೋಗಾಗಿ ಜೀವಮಾನವಿಡೀ ಖರ್ಚು ಬೇಡುವ ಬಾಯಿಯನ್ನು ಕಟ್ಟಿಕೊಳ್ಳುತ್ತಾಳೆ.

೨೦೨೪ರ ಫೆಬ್ರವರಿಯಲ್ಲಿ ಹೈದರಾಬಾದಿನ ಜುಬಿಲಿ ಹಿಲ್ಸ್‌ನ ದಂತ ಚಿಕಿತ್ಸಾಲಯವೊಂದರಲ್ಲಿ 'ಸ್ಮೈಲ್ ಡಿಸೈನಿಂಗ್' ಮಾಡಿಸಿಕೊಳ್ಳಲು ಹೋದ ೨೮ ವರ್ಷದ ಯುವಕ ತೀರಿಕೊಂಡ. ಅವನ ಮದುವೆ ಗೊತ್ತಾಗಿತ್ತು. ಅರಿವಳಿಕೆ ಹೆಚ್ಚಾಯಿತೆಂದು ತಂದೆ ದೂರು ಕೊಟ್ಟರು. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ೨೧ರ ವಯಸ್ಸಿನಲ್ಲೇ ಜೀವ ಕಳೆದುಕೊಂಡರು. ಇಂಥ ಸಾವು ಅಪರೂಪ, ನಿಜ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ರೋಗವಿಲ್ಲದ ದೇಹವನ್ನು ಚಿಕಿತ್ಸೆಯ ಕುರ್ಚಿಯಲ್ಲಿ ಮಲಗಿಸುವ ಮುನ್ನ ಅದು ಯಾರ ಸಲುವಾಗಿ ಎಂದು ಕೇಳಿಕೊಳ್ಳಬೇಕು ಎಂದಷ್ಟೇ ನನ್ನ ಮಾತು.

ಇನ್ನು ರೊಕ್ಕದ ಲೆಕ್ಕ. ಒಂದು ಹಲ್ಲಿನ ವಿನೀರಿಗೆ ಎಂಟು ಸಾವಿರ ಎಂದು ಹಿಡಿಯಿರಿ. ನಗುವಾಗ ಕಾಣುವ ಆರು ಹಲ್ಲಿಗೆ ೪೮ ಸಾವಿರ. ೨೦೨೩ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ ೨ ಸಾವಿರವನ್ನು ಒಂದು ಪೈಸೆ ಮುಟ್ಟದೆ ಕೂಡಿಟ್ಟರೂ ಅದಕ್ಕೆ ೨೪ ತಿಂಗಳು ಬೇಕು. ಅಷ್ಟು ದಿನ ಕಾಯುವವರಾರು? ತಾಯಿ ಸಂಘದಲ್ಲಿ ಸಾಲ ಕೇಳುತ್ತಾಳೆ, ಸಾಲದಿದ್ದರೆ ಮೈಕ್ರೋ ಫೈನಾನ್ಸಿನವರ ಬಾಗಿಲಿಗೆ ಹೋಗುತ್ತಾಳೆ. ವಸೂಲಿಗೆ ಬಂದವರು ಮನೆ ಬಾಗಿಲಲ್ಲಿ ಕುಳಿತು ಮಾನ ಕಳೆದ ಕಥೆಗಳು ನಮ್ಮ ಜಿಲ್ಲೆಗೆ ಹೊಸದಲ್ಲ. ಆ ಹಾವಳಿ ತಡೆಯಲು ೨೦೨೫ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲದ ಅರ್ಜಿಯಲ್ಲಿ 'ವೈದ್ಯಕೀಯ ಖರ್ಚು' ಎಂದು ಬರೆದರೆ ಹುಂಡಾ ಔಷಧಿಯಾಗುವುದಿಲ್ಲ. ಅದೇ ಮನೆಯಲ್ಲಿ ಹಿರಿಯಳಿಗೆ ಹಲ್ಲಿಲ್ಲದೆ ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನಬೇಕಾಗಿದೆ, ನಡುವಯಸ್ಸಿನ ಸೊಸೆಗೆ ದವಡೆ ನೋವು ಬಂದರೆ ಲವಂಗವೇ ವೈದ್ಯ. ಅವರ ಹಲ್ಲಿಗೆ ರೊಕ್ಕ ಇಲ್ಲ. ಏಕೆಂದರೆ ಅವರನ್ನು ನೋಡಲು ಯಾರೂ ಬರುವುದಿಲ್ಲ.

"ಚಂದ ಕಾಣಬೇಕು ಅನ್ನೋದು ತಪ್ಪೇನ್ರಿ ಬಾಯಾರ? ಹುಡುಗೀಗೂ ಆಸೆ ಇರತದ" ಎಂದು ನೀವು ಕೇಳಬಹುದು. ತಪ್ಪಲ್ಲ. ಮೂರು ದಶಕ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಬಾಯಿಗೆ ಕೈ ಅಡ್ಡ ಹಿಡಿದು ನಗುವ, ಉತ್ತರ ಗೊತ್ತಿದ್ದರೂ ಎದ್ದು ನಿಲ್ಲದ ಹುಡುಗಿಯರನ್ನು ಪ್ರತಿ ವರ್ಷವೂ ಕಂಡಿದ್ದೇನೆ. ಸೀಳುತುಟಿಯಿಂದ, ಅಪಘಾತದಿಂದ ನೊಂದವರಿಗೆ, ಹಲ್ಲು ಉಬ್ಬಿ ತುಟಿ ಮುಚ್ಚಲಾಗದವರಿಗೆ, ಅಗಿಯಲು ಕಷ್ಟಪಡುವವರಿಗೆ ಚಿಕಿತ್ಸೆ ಹಕ್ಕು. ಗದಗದ ಮುಂಡರಗಿ, ಕೊಪ್ಪಳ, ರಾಯಚೂರಿನ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳಿದ್ದಾರೆ. ಅಲ್ಲಿ ಕಲೆ ಇರುವುದು ಹುಡುಗಿಯ ಮೇಲಲ್ಲ, ಶುದ್ಧ ನೀರು ಕೊಡದ ಆಡಳಿತದ ಮೇಲೆ. ತನ್ನ ದುಡಿಮೆಯಲ್ಲಿ, ತನ್ನ ಇಷ್ಟಕ್ಕೆ, ತಿಳಿದು ಮಾಡಿಸಿಕೊಳ್ಳುವವಳ ಬಗ್ಗೆಯೂ ನನ್ನ ಆಕ್ಷೇಪವಿಲ್ಲ. ಆದರೆ ಪರೀಕ್ಷೆ ಸುಲಭ: ಮದುವೆಯ ಮಾತು ಇಲ್ಲದಿದ್ದರೂ ಈ ಚಿಕಿತ್ಸೆ ಮಾಡಿಸುತ್ತಿದ್ದೆವೇ? ಹೌದಾದರೆ ಅದು ಚಿಕಿತ್ಸೆ. ಇಲ್ಲವಾದರೆ ಅದು ಹುಂಡಾ.

ಆಸೆ ಎಂಬುದೂ ಆಕಾಶದಿಂದ ಉದುರುವುದಿಲ್ಲ. ೧೯೯೪ರಲ್ಲಿ ಒಂದೇ ವರ್ಷ ಭಾರತದ ಇಬ್ಬರು ಯುವತಿಯರು ಜಗತ್ತಿನ ಎರಡು ಸೌಂದರ್ಯ ಕಿರೀಟ ತೊಟ್ಟರು. ಎರಡೇ ವರ್ಷದಲ್ಲಿ, ೧೯೯೬ರ ನವೆಂಬರ್ ೨೩ರಂದು, ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿಗೇ ಬಂತು. ಮಹಿಳಾ ಸಂಘಟನೆಗಳು ಬೀದಿಗಿಳಿದವು. ಪ್ರತಿಭಟನೆಯ ಬಿಸಿಗೆ ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಮಹಿಳೆಯರು ವಿರೋಧಿಸಿದ್ದು ಆ ಹುಡುಗಿಯರನ್ನಲ್ಲ, ಅಳತೆಪಟ್ಟಿಯನ್ನು. ಸ್ಪರ್ಧೆ ಮುಗಿದು ಮಂದಿ ಮನೆಗೆ ಹೋದರು, ಅಳತೆಪಟ್ಟಿ ಮಾತ್ರ ಇಲ್ಲೇ ಉಳಿಯಿತು. ಅಂದು ವೇದಿಕೆಯ ಮೇಲಿದ್ದದ್ದು ಇಂದು ಮೊಬೈಲಿನಲ್ಲಿ ಕುಳಿತು ಜಾಂಬೋಟಿಯ, ನಂದಗಡದ ಹುಡುಗಿಯ ಹಲ್ಲನ್ನೂ ಅಳೆಯುತ್ತಿದೆ. "ನಗುವ ಹೆಂಗಸನ್ನು ನಂಬಬಾರದು" ಎಂದು ಶತಮಾನಗಳ ಕಾಲ ಹೆಣ್ಣಿನ ನಗುವನ್ನು ಅದುಮಿದ ಸಮಾಜವೇ ಈಗ ಅವಳಿಗೆ ನಗುವನ್ನು ಕಂತಿನಲ್ಲಿ ಮಾರುತ್ತಿದೆ. ಅಂದು ನಗಬೇಡ ಎಂದವರೂ ಅವರೇ, ಇಂದು ಹೀಗೇ ನಗು ಎನ್ನುವವರೂ ಅವರೇ.

ಈ ಲೇಖನದ ಅತಿ ಕಹಿಯಾದ ಮಾತು ಇಲ್ಲಿದೆ. ಮದುವೆಗೆ ಮುಂಚೆ ಸಾಲ ಮಾಡಿ ಸರಿಪಡಿಸಿದ ಹಲ್ಲು ಮದುವೆಯ ಮೇಲೆ ಒಂದೇ ಏಟಿಗೆ ಮುರಿಯುತ್ತದೆ. ಹೊಡೆಯುವ ಗಂಡನ ಕೈ ಹೆಚ್ಚಾಗಿ ಬೀಳುವುದು ಮುಖದ ಮೇಲೆ. ಹಲ್ಲಿನ ವೈದ್ಯರ ಮುಂದೆ ಕುಳಿತ ಹೆಂಗಸು "ಬಚ್ಚಲದಾಗ ಜಾರಿ ಬಿದ್ದೆ" ಎನ್ನುತ್ತಾಳೆ. ಪಕ್ಕದಲ್ಲಿ ಅವನೇ ನಿಂತಿರುತ್ತಾನೆ. ಅಕ್ಕಂದಿರೇ, ಇದೊಂದನ್ನು ನೆನಪಿಡಿ: ಕಾನೂನಿನ ಕಣ್ಣಿನಲ್ಲಿ ಹಲ್ಲು ಮುರಿಯುವುದು ಸಣ್ಣ ಏಟಲ್ಲ. ಹಳೆಯ ದಂಡ ಸಂಹಿತೆಯಂತೆಯೇ ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೧೬ನೇ ಕಲಮಿನಲ್ಲೂ ಎಲುಬು ಅಥವಾ ಹಲ್ಲು ಮುರಿಯುವುದು, ಜಾಗ ತಪ್ಪುವುದು ತೀವ್ರ ಸ್ವರೂಪದ ಗಾಯ. ಬೇಕೆಂದೇ ಅಂಥ ಗಾಯ ಮಾಡಿದವನಿಗೆ ಏಳು ವರ್ಷದವರೆಗೆ ಜೈಲು. ಆದ್ದರಿಂದ ವೈದ್ಯರಿಗೆ ನಿಜ ಹೇಳಿ, ಅದು ಆಸ್ಪತ್ರೆಯ ಕಾಗದದಲ್ಲಿ ದಾಖಲಾಗಲಿ, ಗಾಯದ ಪ್ರಮಾಣಪತ್ರ ಕೇಳಿ ಪಡೆಯಿರಿ. ಬೇರುಸಹಿತ ಕಿತ್ತುಬಂದ ಹಲ್ಲನ್ನು ಎಸೆಯಬೇಡಿ. ಬೇರನ್ನು ಮುಟ್ಟದೆ, ಉಜ್ಜದೆ ಹಾಲಿನಲ್ಲಿ ಹಾಕಿಕೊಂಡು ಒಂದು ತಾಸಿನೊಳಗೆ ದಂತವೈದ್ಯರನ್ನು ತಲುಪಿದರೆ ಅದನ್ನು ಮತ್ತೆ ಕೂಡಿಸುವ ಸಾಧ್ಯತೆ ಇದೆ.

"ಉಬ್ಬಹಲ್ಲಿ" ಎಂದು ದಿನವೂ ಹಂಗಿಸುವುದು? ಅದಕ್ಕೂ ಕಾನೂನಿದೆ. ೨೦೦೫ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಅವಮಾನ, ಗೇಲಿ, ಅಡ್ಡಹೆಸರಿಟ್ಟು ಕರೆಯುವುದನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಕಾಯಿದೆಯ ಸಂರಕ್ಷಣಾಧಿಕಾರಿ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ನ್ಯಾಯ ಸಂಹಿತೆಯ ೮೫ನೇ ಕಲಮು ಇದೆ. ಹಳೆಯ ೪೯೮-ಎ ಇದೇ. ೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಕೊಡುವುದು-ಪಡೆಯುವುದಷ್ಟೇ ಅಲ್ಲ, ಕೇಳುವುದೂ ಅಪರಾಧ. ದಂತವೈದ್ಯನಿಗೆ ಕಟ್ಟಿದ ರೊಕ್ಕ ವರದಕ್ಷಿಣೆಯಾಗುತ್ತದೆಯೇ ಎಂದು ವಕೀಲರು ವಾದ ಮಾಡಲಿ. ನಮ್ಮ ಸಂಘದ ವಹಿಯಲ್ಲಿ ನಾವು ಅದನ್ನು ಹುಂಡಾ ಎಂದೇ ಬರೆಯೋಣ. ೨೦೨೨ ಒಂದೇ ವರ್ಷದಲ್ಲಿ ಈ ದೇಶದಲ್ಲಿ ೬ ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಪೊಲೀಸ್ ದಾಖಲೆ ಸೇರಿವೆ. ಅವುಗಳ ಹಿಂದೆ ಹೀಗೆ ಸಣ್ಣದೆಂದು ಬಿಟ್ಟುಕೊಟ್ಟ ಬೇಡಿಕೆಗಳು ಎಷ್ಟಿದ್ದವೋ!

ಹಾಗಾದರೆ ನಾವು ಮಾಡಬೇಕಾದದ್ದೇನು?

ಒಂದು, ಮುಂದಿನ ಸಭೆಯಲ್ಲಿ ಠರಾವು ಮಾಡಿ: ಕನ್ಯಾ ನೋಡಲು ಬಂದವರ ಮಾತಿಗೆ ಹುಡುಗಿಯ ದೇಹ ತಿದ್ದಿಸಲು ಸಂಘದ ಸಾಲವಿಲ್ಲ. ನೋವು, ಹುಳುಕು, ಒಸಡಿನ ರೋಗಕ್ಕೆ ಸಾಲ ಮೊದಲು. ಅದರಲ್ಲೂ ಹಿರಿಯ ಹೆಂಗಸರಿಗೆ ಮೊದಲು.

ಎರಡು, ನಮ್ಮ ಬಾಯಿಯ ನಿಜವಾದ ಶತ್ರುವನ್ನು ಗುರುತಿಸಿ. ಸುಟ್ಟ ತಂಬಾಕಿನ ಮಶೇರಿಯಿಂದ ಹಲ್ಲುಜ್ಜುವ ಹೆಂಗಸರು ನಮ್ಮ ನಿಪ್ಪಾಣಿ, ಖಾನಾಪುರದ ಕಡೆ ಇನ್ನೂ ಇದ್ದಾರೆ. ಅದು ಒಸಡನ್ನು ತಿನ್ನುತ್ತದೆ, ಬಾಯಿಯ ಕ್ಯಾನ್ಸರ್ ತರುತ್ತದೆ. ಮಶೇರಿ ಡಬ್ಬಿಗೆ ಹಾಕುವ ರೊಕ್ಕ ಉಳಿತಾಯಕ್ಕೆ ಬರಲಿ.

ಮೂರು, ಚಿಕಿತ್ಸೆ ಬೇಕಿದ್ದರೆ ಬ್ಯೂಟಿ ಪಾರ್ಲರಿಗೆ ಹೋಗಬೇಡಿ, ನೋಂದಾಯಿತ ದಂತವೈದ್ಯರಲ್ಲಿ ಹೋಗಿ. ಬೆಳಗಾವಿಯ ನೆಹರು ನಗರದಲ್ಲಿ ೧೯೮೫ರಿಂದ ಕೆ.ಎಲ್.ಇ. ಸಂಸ್ಥೆಯ ದಂತ ಕಾಲೇಜು ಇದೆ, ಮರಾಠಾ ಮಂಡಳದ ದಂತ ಕಾಲೇಜೂ ಶಹರದಲ್ಲಿದೆ, ಸರ್ಕಾರಿ ಜಿಲ್ಲಾ ಆಸ್ಪತ್ರೆ ಇದೆ. ಕಾಲೇಜಿನ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಎಷ್ಟು ಎನಾಮಲ್ ತೆಗೆಯುತ್ತೀರಿ, ಎಷ್ಟು ವರ್ಷ ಬಾಳುತ್ತದೆ, ಒಟ್ಟು ಖರ್ಚೆಷ್ಟು, ಈ ಮೂರು ಪ್ರಶ್ನೆ ಕೇಳದೆ ಬಾಯಿ ತೆರೆಯಬೇಡಿ. ದರಪಟ್ಟಿ ತೋರಿಸಬೇಕಾದದ್ದು ಖಾಸಗಿ ಆಸ್ಪತ್ರೆಗಳ ಕಾನೂನುಬದ್ಧ ಕರ್ತವ್ಯ.

ನಾಲ್ಕು, ಹಿಂಸೆ ನಡೆದ ಮನೆಗೆ ಸಂಘ ಗುಂಪಾಗಿ ಹೋಗಲಿ. ಮಹಿಳಾ ಸಹಾಯವಾಣಿ ೧೮೧, ಪೊಲೀಸ್ ೧೧೨, ಉಚಿತ ಕಾನೂನು ನೆರವಿಗೆ ೧೫೧೦೦, ಈ ಮೂರು ಸಂಖ್ಯೆಗಳನ್ನು ವಹಿಯ ಮೊದಲ ಪುಟದಲ್ಲಿ ಬರೆಯಿರಿ. ಉಚಿತ ಕಾನೂನು ನೆರವು ಪಡೆಯಲು ಹೆಂಗಸರಿಗೆ ಆದಾಯದ ಮಿತಿ ಇಲ್ಲ.

ಐದನೆಯದು ತಾಯಂದಿರಿಗೆ. ಹಲ್ಲು ನೋಡಿ ಮೂಗು ಮುರಿದ ಸಂಬಂಧ ಎದ್ದು ಹೋದರೆ ಹೋಗಲಿ, ಅಳಬೇಡಿ. ಆ ೪೮ ಸಾವಿರದಲ್ಲಿ ಮಗಳನ್ನು ಓದಿಸಬಹುದು, ಒಂದು ಹೊಲಿಗೆ ಯಂತ್ರ ಕೊಡಿಸಬಹುದು, ಅವಳ ಹೆಸರಿನಲ್ಲಿ ಠೇವಣಿ ಇಡಬಹುದು. ಸ್ವಂತ ದುಡಿಮೆಯ ಹೆಣ್ಣು ಬಾಯಿ ತೆರೆದಾಗ ಮಂದಿ ಕೇಳುವುದು ಅವಳ ಮಾತನ್ನು, ಎಣಿಸುವುದು ಹಲ್ಲನ್ನಲ್ಲ. ನಮ್ಮ ಮಕ್ಕಳಿಗೆ ಬಾಯಿ ಇರುವುದು ತೋರಿಸಲಿಕ್ಕಲ್ಲ. ಉಣ್ಣಲಿಕ್ಕೆ, ನಗಲಿಕ್ಕೆ ಮತ್ತು 'ಒಲ್ಲೆ' ಎನ್ನಲಿಕ್ಕೆ.