ಬೆಂಗಳೂರನ್ನು ಮೂರು ತುಂಡು ಮಾಡುವ ಪ್ರೋಗ್ರಾಂ!

ಕನ್ನಡದ ಯುವಮಿತ್ರರೇ,

ಅಂಗಡಿಯ ನಾಮಫಲಕದಲ್ಲಿ ಕನ್ನಡ ಕಾಣದಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು! ಆದರೆ ನೀವೇ ಬರೆದ ಪ್ರೋಗ್ರಾಂ ಕನ್ನಡದ ಕತ್ತು ಹಿಸುಕುತ್ತಿದ್ದರೆ?

ಪ್ರೋಗ್ರಾಮಿಂಗ್ ಕಲಿಯುವವರ ಕೈಗೆ ಬೇಗನೆ ಸಿಗುವ ಹತಾರ ರೆಗ್ಯುಲರ್ ಎಕ್ಸ್‌ಪ್ರೆಶನ್. ರಾಶಿ ಬರಹದೊಳಗಿಂದ ಬೆಲೆ, ದಿನಾಂಕ, ಹೆಸರುಗಳನ್ನಷ್ಟೇ ಹೆಕ್ಕಿ ಕೊಡುವ ಜರಡಿ ಅದು. ಅಂಕಿಗೆ ‘ಬ್ಯಾಕ್‌ಸ್ಲ್ಯಾಶ್ ಡಿ’, ಪದಕ್ಕೆ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ ಎಂದು ಕಲಿಸುತ್ತಾರೆ. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ?

ಪೈಥಾನಿನಲ್ಲಿ ಇದೇ ಪದದ ಜರಡಿಗೆ ‘ಬೆಂಗಳೂರು’ ಎಂದು ಸುರಿದು ನೋಡಿ. ಹೊರಬರುವುದು ‘ಬ’, ‘ಗಳ’, ‘ರ’! ‘ಕನ್ನಡ’ ಎಂದರೆ ‘ಕನ’, ‘ನಡ’! ಕೊಂಬು, ಏತ್ವ, ಅನುಸ್ವಾರ, ಒತ್ತಕ್ಷರ ಕಟ್ಟುವ ವಿರಾಮ ಯಾವುದನ್ನೂ ಈ ಜರಡಿ ಅಕ್ಷರವೆಂದು ಒಪ್ಪುವುದಿಲ್ಲ. ಜಾವಾಸ್ಕ್ರಿಪ್ಟ್ ಇನ್ನೂ ಒಂದು ಹೆಜ್ಜೆ ಮುಂದೆ. ‘ರೂ. ೨೫೦’ ಎಂದರೆ ಅದರ ಜರಡಿಗೆ ಅಂಕಿಯೇ ಕಾಣದು!

ಇದು ಬರೀ ತಾಂತ್ರಿಕ ವಿಷಯವೆಂದು ತಳ್ಳಿಹಾಕಬೇಡಿ. ಪಹಣಿಯಲ್ಲಿರುವ ರೈತನ ಹೆಸರು, ಮತದಾರರ ಪಟ್ಟಿಯಲ್ಲಿರುವ ತಾಯಿಯ ಹೆಸರು ಹೀಗೆ ತುಂಡಾದರೆ ಹುಡುಕಿದಾಗ ಸಿಗುವುದಿಲ್ಲ. ಆಗ ಬರುವ ಉತ್ತರ ನಿಮಗೆ ಗೊತ್ತೇ ಇದೆ: ‘ಸಿಸ್ಟಂನಲ್ಲಿ ಕನ್ನಡ ಬರೋಲ್ಲ, ಇಂಗ್ಲಿಷಿನಲ್ಲೇ ಕೊಡಿ.’ ಹಸೀ ಸುಳ್ಳು! 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಕೊರತೆ ಕನ್ನಡದ್ದಲ್ಲ, ಪ್ರೋಗ್ರಾಂ ಬರೆದವರ ಉದಾಸೀನದ್ದು.

ಮದ್ದು ನಿಮ್ಮ ಬೆರಳ ತುದಿಯಲ್ಲೇ ಇದೆ. ಅಂಕಿಗೆ [0-9೦-೯]+ ಎಂದು ಬರೆಯಿರಿ. ಬೆಲೆಯಷ್ಟೇ ಬೇಕೆ? ರೂ\. ([0-9೦-೯]+) ಎನ್ನಿ. ದುಂಡು ಆವರಣದೊಳಗಿನದು ಪ್ರತ್ಯೇಕವಾಗಿ ಕೈಗೆ ಬರುತ್ತದೆ. ಹೀಗೆ ಸಿಕ್ಕ ‘೨೫೦’ನ್ನು ಪೈಥಾನ್ 3 ನೇರವಾಗಿ 250 ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪದಕ್ಕೆ, ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ ಮೀಸಲಾದ 128 ಸ್ಥಾನಗಳನ್ನು, 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ಪೂರ್ತಿ ಕೊಡಿ. ಬೆಂಗಳೂರು ಬೆಂಗಳೂರಾಗಿಯೇ ಹೊರಬರುತ್ತದೆ.

ಒಂದು ಎಚ್ಚರಿಕೆ. ಹಳೆಯ ನುಡಿ, ಬರಹ ಫಾಂಟುಗಳ ಕಡತವಾದರೆ ಮೊದಲು ಯೂನಿಕೋಡಿಗೆ ಬದಲಿಸಿ. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷಿನ ಸಂಕೇತ!

ಗೆಳೆಯರೇ, 1982ರಲ್ಲಿ ಗೋಕಾಕ್ ವರದಿಗಾಗಿ ನಾಡೇ ಬೀದಿಗಿಳಿದಿತ್ತು. ಇಂದಿನ ಹೋರಾಟ ಬೀದಿಯಲ್ಲೂ ಇದೆ, ಕೀಲಿಮಣೆಯ ಮೇಲೂ ಇದೆ. ನೀವು ಬರೆಯುವ ಪ್ರತಿ ಪ್ರೋಗ್ರಾಮನ್ನೂ ಒಂದು ಕನ್ನಡ ಸಾಲು ಕೊಟ್ಟು ಪರೀಕ್ಷಿಸಿ. ಕಚೇರಿಯಲ್ಲಿ ಯಾರಾದರೂ ‘ಕನ್ನಡ ಬರೋಲ್ಲ’ ಎಂದರೆ ಜಗಳಕ್ಕೆ ನಿಲ್ಲುವ ಮೊದಲು ಆ ಒಂದು ಸಾಲನ್ನು ತಿದ್ದಿ ತೋರಿಸಿ. ಆಮೇಲೂ ಒಪ್ಪದಿದ್ದರೆ, ಬೀದಿ ಇದ್ದೇ ಇದೆ!

ಜೈ ಕನ್ನಡಾಂಬೆ!