ರಾಯಚೂರಿನ ನಡುಪೇಟೆಯನ್ನು ಅಳೆಯುವ ಬಗೆ

ದೇವದುರ್ಗದ ಕಡೆಯ ರೈತನೊಬ್ಬನು ಒಂದೇ ಒಂದು ಕೆಲಸಕ್ಕಾಗಿ ರಾಯಚೂರಿಗೆ ಬರುವುದು ಅಪರೂಪ. ಸುಮಾರು 55 ಕಿಲೋಮೀಟರುಗಳ ಬಸ್ಸಿನ ದಾರಿ. ಹೋಗಿ ಬರುವುದರಲ್ಲಿ ಒಂದು ದಿನದ ದುಡಿಮೆ ಕಳೆದುಹೋಗುತ್ತದೆ. ಆದುದರಿಂದ ಪಂಪಿನ ಬಿಡಿಭಾಗವೊಂದು ಕೆಟ್ಟುದನ್ನೇ ನೆಪಮಾಡಿಕೊಂಡು, ತಾಯಿಯ ಕಣ್ಣನ್ನು ವೈದ್ಯರಿಗೆ ತೋರಿಸುವುದು, ನ್ಯಾಯಾಲಯದ ವಾಯಿದೆಯನ್ನು ವಿಚಾರಿಸುವುದು, ಮಗಳ ಮದುವೆಗೆ ಜವಳಿಯನ್ನು ನೋಡಿಡುವುದು, ಅಡತಿ ಅಂಗಡಿಯಲ್ಲಿ ಹತ್ತಿಯ ಬಾಕಿಯನ್ನು ಕೇಳುವುದು, ಇವೆಲ್ಲವನ್ನೂ ಒಂದೇ ದಿನಕ್ಕೆ ಕಟ್ಟಿಕೊಂಡು ಬರುತ್ತಾನೆ. ಸುಮಾರು 45 ಕಿಲೋಮೀಟರು ದೂರದ ಮಾನವಿಯಿಂದ ಬರುವವರ ಲೆಕ್ಕವೂ ಇದೇ. ಈ ಐದಾರು ಕೆಲಸಗಳ ಸ್ಥಳಗಳು ಒಂದರಿಂದೊಂದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರೆ ಸಂಜೆಯ ಬಸ್ಸು ಸಿಕ್ಕುತ್ತದೆ. ದೂರ ದೂರ ಚದರಿದ್ದರೆ ಒಂದೆರಡು ಕೆಲಸಗಳು ಉಳಿದುಹೋಗುತ್ತವೆ. ಭೂಗೋಳಶಾಸ್ತ್ರಜ್ಞರು 'ಕೇಂದ್ರ ವಾಣಿಜ್ಯ ಪ್ರದೇಶ' ಎಂಬ ಭಾರವಾದ ಹೆಸರಿನಿಂದ ಕರೆಯುವುದು ಇಂತಹ ಹತ್ತಿರದ ಕೂಟವನ್ನೇ.

ಆ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರಿಗೆ ಸಿಂಗಪುರದ ಗಗನಚುಂಬಿ ಕಟ್ಟಡಗಳು ನಿಲ್ಲುವುದು ಸಹಜ. ಆದರೆ ಸಿಂಗಪುರದ ಆ ಭಾಗವೂ ಮೊದಲು ದೋಣಿಗಳಿಂದ ಸರಕಿಳಿಸುವ ನದೀತೀರದ ಜೌಗುನೆಲವಾಗಿತ್ತು. ಅಲ್ಲಿದ್ದ ಸಣ್ಣ ಗುಡ್ಡವೊಂದನ್ನು ಕಡಿದು, ಆ ಮಣ್ಣಿನಿಂದಲೇ ಜೌಗನ್ನು ತುಂಬಿ, 1822ರ ಸುಮಾರಿಗೆ ವ್ಯಾಪಾರದ ಚೌಕವನ್ನು ಮಾಡಿದರು. 1858ರಲ್ಲಿ ಅದಕ್ಕೆ ರಾಫಲ್ಸ್ ಪ್ಲೇಸ್ ಎಂಬ ಹೆಸರು ಬಂದಿತು. ಮನಿಲಾದ ನೆರೆಯ ಮಕಾತಿಯ ಕಥೆ ಇನ್ನೂ ವಿಚಿತ್ರ: ಬ್ಯಾಂಕುಗಳಿಂದ ತುಂಬಿದ ಅಲ್ಲಿನ ಅಯಾಲಾ ಹೆದ್ದಾರಿಯು ಹಿಂದೆ ವಿಮಾನಗಳು ಓಡುತ್ತಿದ್ದ ಹಾದಿಯಾಗಿತ್ತು. ನೆಲವು ಹೇಗಿತ್ತು, ಸರಕು ಯಾವ ದಾರಿಯಿಂದ ಬರುತ್ತಿತ್ತು ಎಂಬ ಗುರುತುಗಳು ಇಂತಹ ಪ್ರದೇಶಗಳಲ್ಲಿ ಬಹುಕಾಲ ಅಳಿಯದೆ ಉಳಿಯುತ್ತವೆ. ರಾಯಚೂರಿನಲ್ಲಿಯೂ ಅವು ಉಳಿದಿವೆ.

ರಾಯಚೂರಿಗೆ ಸಮೀಪದಲ್ಲಿ ಬಂದರಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿದರೂ ಊರು ಇವೆರಡರ ದಡದಲ್ಲಿಯೂ ಇಲ್ಲ. ಊರನ್ನು ಹಿಡಿದಿಟ್ಟದ್ದು ಬಂಡೆಗಲ್ಲಿನ ಬೆಟ್ಟ ಮತ್ತು ಅದರ ಸುತ್ತಣ ಕೋಟೆ. 1294ರ ಶಾಸನವಿರುವ ಒಂದು ಕಲ್ಲು ಕೋಟೆಯ ಒಳಗೋಡೆಯಲ್ಲಿದೆ. ಅದರ ಉದ್ದ ಸುಮಾರು 41 ಅಡಿ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆಯನ್ನು ಕಟ್ಟಿಸಿದನೆಂದು ಆ ಶಾಸನವು ತಿಳಿಸುತ್ತದೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಎಳೆದು ತಂದ ಚಿತ್ರವನ್ನು ಅಲ್ಲಿಯೇ ಗೋಡೆಯ ಮೇಲೆ ಕೊರೆದಿದ್ದಾರೆ. ಸರಕುಸಾಗಣೆಯ ಇಷ್ಟು ಹಳೆಯ ಚಿತ್ರವೊಂದು ತನ್ನ ಗೋಡೆಯ ಮೇಲೆಯೇ ಇದೆಯೆಂದು ಹೇಳಿಕೊಳ್ಳಬಲ್ಲ ಪೇಟೆಗಳು ಎಷ್ಟಿದ್ದಾವು?

ಕೋಟೆಗೆ ಹೊರಗೋಡೆಯು ಬಂದದ್ದು 16ನೆಯ ಶತಮಾನದಲ್ಲಿ, ಆದಿಲಶಾಹಿಗಳ ಆಳಿಕೆಯಲ್ಲಿ. ಕೋಟೆಯುಳ್ಳ ಊರಿನಲ್ಲಿ ಪೇಟೆಯ ಸ್ಥಳವನ್ನು ಬಾಗಿಲುಗಳು ತೀರ್ಮಾನಿಸುತ್ತವೆ. ಬಂಡಿಗಳು ಬಾಗಿಲಲ್ಲಿ ನಿಲ್ಲಲೇಬೇಕು. ನಿಂತ ಕಡೆ ಸುಂಕ, ಸುಂಕದ ಕಡೆ ಅಂಗಡಿ. ಮಕ್ಕಾ ದರವಾಜಾ, ನೌರಂಗ ದರವಾಜಾ, ಕಾಟಿ ದರವಾಜಾ ಎಂಬ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಪೇಟೆಯ ನಡುವಿನಲ್ಲಿರುವ ತೀನ್ ಕಂದೀಲ್ ಎಂದರೆ ಮೂರು ಲಾಂದ್ರ. ಊರಿನ ಮುಖ್ಯ ಕೂಡುದಾರಿಗೆ ದೊರೆಯ ಹೆಸರೂ ಅಲ್ಲದೆ ದೇವರ ಹೆಸರೂ ಅಲ್ಲದೆ ದೀಪದ ಹೆಸರು ನಿಂತಿರುವುದು ನನಗೆ ಬಹಳ ಹಿಡಿಸುತ್ತದೆ.

1871ರಲ್ಲಿ ಮುಂಬಯಿಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದುವು. ಅಲ್ಲಿಂದ ಮುಂದೆ ಊರಿಗೆ ಎರಡನೆಯ ಬಾಗಿಲು ತೆರೆದಂತಾಯಿತು. ಇದರ ಪರಿಣಾಮವನ್ನು ಹತ್ತಿಯ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು. ಹೊಲದಲ್ಲಿ ಬಿಡಿಸಿದ ಹತ್ತಿಯ ತೂಕದಲ್ಲಿ ಅರಳೆಯ ಪಾಲು ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. ಉಳಿದದ್ದು ಬಹುಮಟ್ಟಿಗೆ ಹತ್ತಿಕಾಳು. ಬೀಜಸಹಿತವಾದ ಹತ್ತಿಯನ್ನು ಬಹುದೂರ ಸಾಗಿಸುವುದೆಂದರೆ ಅರಳೆಯ ಎರಡರಷ್ಟು ತೂಕದ ಕಾಳಿಗೆ ಬಾಡಿಗೆ ಕೊಟ್ಟಂತೆ. ಅಲ್ಲದೆ ಬಿಡಿ ಅರಳೆಯು ಗಾಳಿ ತುಂಬಿಕೊಂಡು ಸ್ಥಳವನ್ನು ನುಂಗುತ್ತದೆ. ಯಂತ್ರದಲ್ಲಿ ಒತ್ತಿ ಅಂಡಿಗೆ ಕಟ್ಟಿದರೆ ಮಾತ್ರ ರೈಲಿನ ಡಬ್ಬಿಯಲ್ಲಿ ಲಾಭಕರವಾಗಿ ಹಿಡಿಸೀತು. ಆದುದರಿಂದ ಕಾಳು ಬಿಡಿಸುವ ಮತ್ತು ಅಂಡಿಗೆ ಒತ್ತುವ ಗಿರಣಿಗಳು ಹೊಲ ಮತ್ತು ರೈಲುಗಳ ನಡುವಣ ಊರಿಗೇ ಬರಬೇಕಾಯಿತು. ಗಿರಣಿಯ ಬೆನ್ನಿಗೆ ದಲ್ಲಾಳಿ, ದಲ್ಲಾಳಿಯ ಬೆನ್ನಿಗೆ ಬ್ಯಾಂಕು. ಹೈದರಾಬಾದು ಸಂಸ್ಥಾನದಲ್ಲಿ 1930ರಲ್ಲಿಯೇ ಕೃಷಿ ಮಾರುಕಟ್ಟೆಗಳ ಕಾನೂನು ಆಯಿತು. ಇಂದು ರಾಜೇಂದ್ರ ಗಂಜ್ ಎನ್ನಿಸಿಕೊಳ್ಳುವ ಮಾರುಕಟ್ಟೆಯ ಪ್ರಾಂಗಣವು ಕೋಟೆಯ ಓಣಿಗಳಲ್ಲಿರದೆ ಹೊರಗೆ ವಿಶಾಲವಾದ ಬಯಲಿನಲ್ಲಿದೆ. ಗಂಜ್ ಎಂಬ ಪಾರಸಿಯ ಮಾತಿಗೆ ಭಂಡಾರವೆಂಬ ಅರ್ಥವುಂಟು.

ಹೀಗೆ ರಾಯಚೂರಿನ ವಾಣಿಜ್ಯಕ್ಕೆ ಒಂದೇ ಬಿಂದುವಿಲ್ಲ: ಕೋಟೆಯ ಮಗ್ಗುಲಿನ ಪೇಟೆ ಮತ್ತು ಬಸ್ ನಿಲ್ದಾಣ, ರೈಲು ನಿಲ್ದಾಣ, ಗಂಜ್. ಇವುಗಳ ನಡುವೆ ಹಬ್ಬಿದ ಅಂಗಡಿಸಾಲುಗಳೇ ಊರಿನ ನಡು.

ಈ ನಡುವಿನ ಸೆಳೆತವು ಎಲ್ಲಿಯವರೆಗೆ ಮುಟ್ಟುತ್ತದೆ? ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಇದಕ್ಕೆ ಒಂದು ಸಿದ್ಧಾಂತವನ್ನು ಕೊಟ್ಟರು. ಬೆಂಕಿಪೆಟ್ಟಿಗೆಯ ಅಂಗಡಿಯು ಬದುಕಲು ಒಂದು ಹಳ್ಳಿಯ ಗಿರಾಕಿಗಳು ಸಾಕು. ಟ್ರಾಕ್ಟರಿನ ದೊಡ್ಡ ಬಿಡಿಭಾಗಗಳ ಅಂಗಡಿಗೆ ನೂರಾರು ಹಳ್ಳಿಗಳು ಬೇಕು. ಆದಕಾರಣ ಮೊದಲನೆಯದು ಎಲ್ಲೆಲ್ಲಿಯೂ, ಎರಡನೆಯದು ದೊಡ್ಡ ಊರಿನಲ್ಲಿಯೂ ಇರುತ್ತದೆ. ಇದಕ್ಕೆ ಎರಡು ವರ್ಷ ಮೊದಲು, 1931ರಲ್ಲಿ, ಅಮೆರಿಕದ ರೈಲಿ ಎಂಬವರು ನ್ಯೂಟನ್ನನ ಗುರುತ್ವ ನಿಯಮವನ್ನು ಹೋಲುವ ಸೂತ್ರವೊಂದನ್ನು ವ್ಯಾಪಾರಕ್ಕೆ ಹಚ್ಚಿದ್ದರು: ಊರಿನ ಸೆಳೆತವು ಜನಸಂಖ್ಯೆ ಹೆಚ್ಚಿದಂತೆ ಹೆಚ್ಚುತ್ತದೆ, ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ನಾವೇ ಒಂದು ಲೆಕ್ಕ ಮಾಡಿ ನೋಡೋಣ. 2011ರ ಜನಗಣತಿಯಲ್ಲಿ ರಾಯಚೂರಿನ ಜನ ಸುಮಾರು 2 ಲಕ್ಷ 34 ಸಾವಿರ, ಸಿಂಧನೂರಿನ ಜನ ಸುಮಾರು 76 ಸಾವಿರ. ಅನುಪಾತ 3.08; ಅದರ ವರ್ಗಮೂಲ ಸುಮಾರು 1.75. ಎರಡೂ ಊರುಗಳ ನಡುವಣ ಹೆಚ್ಚುಕಡಿಮೆ 90 ಕಿಲೋಮೀಟರುಗಳ ದಾರಿಯನ್ನು ಈ ಪ್ರಮಾಣದಲ್ಲಿ ಭಾಗಿಸಿದರೆ ರಾಯಚೂರಿನ ಪಾಲಿಗೆ ಬರುವುದು 57 ಕಿಲೋಮೀಟರು. ಮಾನವಿಯು ಈ ಗಡಿಯೊಳಗೆ, ಆದರೆ ಗಡಿಗೆ ಬಹಳ ಹತ್ತಿರದಲ್ಲಿದೆ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಬತ್ತದ ಗದ್ದೆಗಳನ್ನು ತಂದಮೇಲೆ ಸಿಂಧನೂರು ಬೆಳೆದ ಬಗೆಯನ್ನು ಕಂಡವರು, ಈ ಗಡಿ ಒಂದೇ ಕಡೆ ನಿಲ್ಲತಕ್ಕದ್ದಲ್ಲವೆಂದು ಒಪ್ಪುತ್ತಾರೆ. ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ದೇವದುರ್ಗದ ಸೀಮೆಗೂ ನೀರು ಬಂದಿದೆ. ನೀರು ಬಂದ ಕಡೆ ಸಣ್ಣ ಊರಿನ ಅಂಗಡಿಯೂ ಬಲಿಯುತ್ತದೆ. ಇದರಿಂದ ರಾಯಚೂರಿಗೆ ನಷ್ಟವೆಂದು ನಾನು ಭಾವಿಸುವುದಿಲ್ಲ. ಸಾಮಾನ್ಯ ಖರೀದಿಗಳು ಮಾನವಿ, ದೇವದುರ್ಗಗಳಲ್ಲಿಯೇ ಮುಗಿಯುವುದು ಒಳ್ಳೆಯದು. ಆದರೆ ಅಲ್ಲಿ ಮುಗಿಯದ ಕೆಲಸಗಳಿಗಾಗಿ ಬರುವವನಿಗೆ ರಾಯಚೂರಿನ ನಡುಪೇಟೆಯು ಮೊದಲಿಗಿಂತಲೂ ಅವಶ್ಯವಾಗುತ್ತದೆ.

ಇನ್ನು ಅಳತೆಯ ಮಾತು. 1954ರಲ್ಲಿ ಮರ್ಫಿ ಮತ್ತು ವಾನ್ಸ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ವಾಣಿಜ್ಯ ಕೇಂದ್ರದ ಎಲ್ಲೆಯನ್ನು ಗೊತ್ತುಮಾಡುವ ಕ್ರಮವೊಂದನ್ನು ಪ್ರಕಟಿಸಿದರು. ರಸ್ತೆಗಳು ಸುತ್ತುವರಿದ ಒಂದೊಂದು ತುಂಡನ್ನೂ ತೆಗೆದುಕೊಂಡು, ಅಂಗಡಿ, ಬ್ಯಾಂಕು, ಕಚೇರಿಗಳಿಗೆ ಉಪಯೋಗವಾಗುವ ಎಲ್ಲ ಅಂತಸ್ತುಗಳ ನೆಲವನ್ನು ಕೂಡಿಸಬೇಕು. ಆ ಮೊತ್ತವು ಕೆಳ ಅಂತಸ್ತಿನ ನೆಲಕ್ಕೆ ಕಡೆಯ ಪಕ್ಷ ಸಮವಾಗಿರಬೇಕು. ಜೊತೆಗೆ ಒಟ್ಟು ನೆಲದ ಅರ್ಧಕ್ಕೆ ಕಡಮೆಯಾಗಬಾರದು. ಇವೆರಡೂ ಕೂಡಿಬಂದರೆ ಆ ತುಂಡು ಕೇಂದ್ರಕ್ಕೆ ಸೇರಿತು. ಸರಳವಾದ, ಶಾಲೆಯ ಹುಡುಗರೂ ಮಾಡಬಹುದಾದ ಲೆಕ್ಕ. ಆದರೆ ವಾಸದ ಮನೆ, ಸಗಟು ಮಳಿಗೆ, ಕಾರಖಾನೆ, ಸರಕಾರಿ ಕಚೇರಿ ಇವಾವುವನ್ನೂ ಅವರು ಕೇಂದ್ರದ ಉಪಯೋಗವೆಂದು ಎಣಿಸಲಿಲ್ಲ. ತೀನ್ ಕಂದೀಲಿನ ಸುತ್ತಲಿನಂತಹ ಹಳೆಯ ಓಣಿಗೆ ಈ ಗಜಕಡ್ಡಿಯನ್ನು ಹಿಡಿದರೆ ಏನಾಗುತ್ತದೆ? ಕೆಳಗೆ ಅಂಗಡಿ, ಹಿಂದೆ ಸಗಟು ದಾಸ್ತಾನು, ಮೇಲೆ ಅಂಗಡಿಯವನ ಸಂಸಾರ. ಮೂರು ಅಂತಸ್ತುಗಳಲ್ಲಿ ಎರಡು ಲೆಕ್ಕಕ್ಕೆ ಸೇರದೆ, ಊರೆಲ್ಲ ನೆರೆಯುವ ಓಣಿಯೇ ಕೇಂದ್ರದಿಂದ ಹೊರಗೆ ಬಿದ್ದೀತು! ರಾತ್ರಿಯಲ್ಲಿ ಬಿಕೋ ಎನ್ನುವ ಅಮೆರಿಕದ ಪೇಟೆಗೆ ತಕ್ಕುದಾದ ಅಳತೆಯು, ಮಾಳಿಗೆಯಲ್ಲಿ ದೀಪವುರಿಯುವ ನಮ್ಮ ಪೇಟೆಗೆ ತಕ್ಕುದಲ್ಲ. ವಿಧಾನವನ್ನು ಉಳಿಸಿಕೊಂಡು ಎಣಿಕೆಯ ಪಟ್ಟಿಯನ್ನು ನಾವು ಬದಲಾಯಿಸಿಕೊಳ್ಳಬೇಕು.

ಹಳೆಯ ಪೇಟೆಗಳ ವಿಚಾರ ಬಂದಾಗಲೆಲ್ಲ ಕೇಳಿಬರುವ ಸಲಹೆಗಳು ಎರಡು: ಓಣಿಗಳನ್ನು ಅಗಲಿಸಿರಿ, ಇಲ್ಲವೆ ಎಲ್ಲವನ್ನೂ ಊರ ಹೊರಗೆ ಸಾಗಿಸಿರಿ. ಮೊದಲನೆಯದನ್ನು ಸೂರ್ಯನ ಲೆಕ್ಕದಿಂದ ಪರೀಕ್ಷಿಸೋಣ. ರಾಯಚೂರು 16 ಡಿಗ್ರಿ 12 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ. ಮೇ 5ರ ಸುಮಾರಿಗೆ ಸೂರ್ಯನು ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಉತ್ತರ ದಕ್ಷಿಣವಾಗಿ ಹೋಗುವ, 5 ಮೀಟರು ಅಗಲದ ಓಣಿಯೊಂದರ ಎರಡೂ ಕಡೆ 6 ಮೀಟರು ಎತ್ತರದ ಕಟ್ಟಡಗಳಿವೆಯೆಂದು ಭಾವಿಸಿರಿ. ಸೂರ್ಯನು ದಿಗಂತದಿಂದ 50 ಡಿಗ್ರಿಗಿಂತ ಕೆಳಗಿದ್ದಾಗ ಓಣಿಯ ನೆಲಕ್ಕೆ ಬಿಸಿಲೇ ತಾಗದು. ಗಡಿಯಾರದ ಪ್ರಕಾರ ಬೆಳಗ್ಗೆ ಸುಮಾರು ಒಂಬತ್ತೂವರೆಯವರೆಗೂ ಮಧ್ಯಾಹ್ನ ಸುಮಾರು ಮೂರರ ಮೇಲೂ ಅಲ್ಲಿ ಪೂರ್ಣ ನೆರಳು. ಅದೇ ಓಣಿಯನ್ನು 10 ಮೀಟರಿಗೆ ಅಗಲಿಸಿದರೆ ಬೆಳಗ್ಗೆ ಎಂಟು ದಾಟುತ್ತಲೇ ಬಿಸಿಲು ಒಳಗೆ ಬಂದು ಸಂಜೆ ನಾಲ್ಕು ಗಂಟೆ ಇಪ್ಪತ್ತು ಮಿನಿಟಿನವರೆಗೂ ಉಳಿಯುತ್ತದೆ. ಎಂದರೆ ಎರಡು ಹೊತ್ತೂ ಸೇರಿ ಎರಡೂವರೆ ಗಂಟೆಗಿಂತ ಹೆಚ್ಚಿನ ನೆರಳು ನಷ್ಟ. ಉಷ್ಣಮಾನವು 40 ಡಿಗ್ರಿಯನ್ನು ಮೀರುವ ಊರಿನಲ್ಲಿ, ಕಣ್ಣು ಕಾಣದ ತಾಯಿಯನ್ನು ಕೈಹಿಡಿದು ನಡೆಸುವವನಿಗೆ ಇದು ಅಲ್ಪವಲ್ಲ. ಅಗಲಿಸಿದ ಸ್ಥಳವು ವಾಹನಗಳು ನಿಲ್ಲುವುದಕ್ಕೇ ಮುಗಿದುಹೋಗುವುದನ್ನು ಎಷ್ಟೋ ಊರುಗಳಲ್ಲಿ ಕಂಡಿದ್ದೇವೆ.

ಎರಡನೆಯ ಸಲಹೆಯಲ್ಲಿ ಅರ್ಧ ಸತ್ಯವಿದೆ. ಸರಕಿನ ಲಾರಿಯು ನಡುಪೇಟೆಗೆ ಬರಬೇಕಾದುದಿಲ್ಲ. ಅಂಡಿಗೆ, ಮೂಟೆ, ಸಿಮೆಂಟು, ಕಬ್ಬಿಣ ಇವು ಹೊರಗೆ ಹೋಗಲಿ. ಗಂಜ್ ತೋರಿಸಿಕೊಟ್ಟ ದಾರಿ ಅದೇ. ಸಿಂಗಪುರದಲ್ಲಿ 1975ರಿಂದಲೇ ಕೇಂದ್ರಕ್ಕೆ ನುಗ್ಗುವ ಮೋಟಾರುಗಳಿಗೆ ಶುಲ್ಕ ವಿಧಿಸಿದರು. 1983ರಲ್ಲಿ ಸರಕಿನ ದೋಣಿಗಳನ್ನು ನದಿಯಿಂದ ಬೇರೆಡೆಗೆ ಕಳುಹಿಸಿದರು. ಆದರೆ ಬ್ಯಾಂಕುಗಳೂ ಕಚೇರಿಗಳೂ ಅಂಗಡಿಗಳೂ ಅದೇ ಕೇಂದ್ರದಲ್ಲಿ ಉಳಿದುವು. ನಾವು ಮಾಡುವುದು ಅನೇಕ ವೇಳೆ ಇದಕ್ಕೆ ತಿರುಗು: ಜನರು ಬರುವ ಕಚೇರಿಯನ್ನೂ ಆಸ್ಪತ್ರೆಯನ್ನೂ ಅಗ್ಗದ ನೆಲವನ್ನು ಹುಡುಕಿ ಹೊರದಾರಿಗೆ ಒಯ್ಯುತ್ತೇವೆ, ಲಾರಿಯನ್ನು ಒಳಗೆ ಬಿಡುತ್ತೇವೆ. ನೆಲವು ಅಗ್ಗವಾಯಿತೆಂಬ ಲೆಕ್ಕ ಕಡತದಲ್ಲಿ ಬರೆಯಲ್ಪಡುತ್ತದೆ. ಮಾನವಿಯವನು ಆಟೋರಿಕ್ಷಾಕ್ಕೆ ಕೊಡುವ ಹಣ ಯಾವ ಕಡತದಲ್ಲಿಯೂ ಕಾಣುವುದಿಲ್ಲ.

ಆ ಕಾಣದ ಲೆಕ್ಕವನ್ನು ಬರೆದಿಡುವುದು ಕಾಲೇಜಿನ ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ. ಬೇಕಾದುದು ಒಂದು ಅಳತೆಪಟ್ಟಿ, ಒಂದು ಪುಸ್ತಕ, ನಾಲ್ಕಾರು ಜನ ಗೆಳೆಯರು. ಒಂದು ಗುಂಪು ಅಂತಸ್ತುಗಳ ಉಪಯೋಗವನ್ನು ಗುರುತಿಸಲಿ. ವಾಸದ ಮನೆಗೂ ಸಗಟು ಮಳಿಗೆಗೂ ಬೇರೆ ಬೇರೆ ಬಣ್ಣ ಹಚ್ಚಲಿ. ಇನ್ನೊಂದು ಗುಂಪು ಸಂಜೆ ಬಸ್ ನಿಲ್ದಾಣದಲ್ಲಿ ನಿಂತು, ದೇವದುರ್ಗ ಮತ್ತು ಮಾನವಿಯ ಬಸ್ಸುಗಳನ್ನು ಕಾಯುತ್ತಿರುವವರನ್ನು ಮೂರು ಪ್ರಶ್ನೆ ಕೇಳಲಿ: ಎಷ್ಟು ಕೆಲಸಗಳಿಗೆ ಬಂದಿರಿ, ಎಷ್ಟು ಮುಗಿದುವು, ಊರೊಳಗೆ ತಿರುಗುವುದಕ್ಕೆ ಎಷ್ಟು ವೆಚ್ಚವಾಯಿತು? ಹತ್ತಿ ಬರುವ ತಿಂಗಳುಗಳಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಕೇಳಬೇಕು. ಉತ್ತರಗಳು ಒಂದೇ ಆಗಿರಲಾರವು. ನಿಂತು ಕೇಳುವವರಿಗೆ ಒಂದು ಎಚ್ಚರಿಕೆ: ಬಸ್ಸು ಬಂದಮೇಲೆ ಯಾರೂ ಉತ್ತರ ಕೊಡುವುದಿಲ್ಲ. ಅರ್ಧ ಗಂಟೆ ಮುಂಚಿತವಾಗಿ ಹೋಗಿರಿ.