ಗುಪ್ತಾಂಗದ ನರಹುಲಿ: ಶಂಕೆ ಬೇಡ, ಚಿಕಿತ್ಸೆ ಬೇಕು

ಗುಸ್ಲ್, ಹೈಝ್, ತಹಾರತ್‌ನ ಮಸಲೆಗಳನ್ನು ಕೇಳಿ ತಿಳಿಯಲು ನಾವು ನಾಚುವುದಿಲ್ಲ. ಆದರೆ ಗುಪ್ತಾಂಗದಲ್ಲಿ ನರಹುಲಿ ಅಂದರೆ ಮಸ್ಸಾ ಕಂಡರೆ ತಿಂಗಳುಗಟ್ಟಲೆ ಮುಚ್ಚಿಡುತ್ತೇವೆ. ಸಂತೆಕಲ್ಲೂರಿನಂಥ ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವುದರಿಂದ ಹೆದರಿಕೆ ಇನ್ನೂ ಹೆಚ್ಚು. ಈ ಮುಚ್ಚುಮರೆಯನ್ನು ಹಯಾ ಎನ್ನಲಾಗದು. ಇದರಿಂದ ರೋಗ ಬಾಳಸಂಗಾತಿಗೂ ಹರಡುತ್ತದೆ.

ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಲ್ಲಿ ಇದು ಅತಿ ಸಾಮಾನ್ಯ. ಇದರ ನೂರಕ್ಕೂ ಹೆಚ್ಚು ಬಗೆಗಳಲ್ಲಿ 6 ಮತ್ತು 11ನೆಯವು ಶೇ. 90ರಷ್ಟು ಗುಪ್ತಾಂಗದ ನರಹುಲಿಗಳಿಗೆ ಕಾರಣ. ಇದು ಚರ್ಮಕ್ಕೆ ಚರ್ಮ ತಾಗಿ ಹರಡುತ್ತದೆ, ತೊಳೆದರೆ ಹೋಗುವುದಿಲ್ಲ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಡೆಯದು. ಈ ಎರಡು ಬಗೆಗಳು ಸಾಮಾನ್ಯವಾಗಿ ಕ್ಯಾನ್ಸರ್ ತರುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯವಾಗಿ 16 ಮತ್ತು 18ನೇ ಬಗೆಗಳು ಕಾರಣ. ಆದ್ದರಿಂದ 30 ದಾಟಿದ ಹೆಣ್ಣುಮಕ್ಕಳು ನರಹುಲಿ ಇರಲಿ, ಇಲ್ಲದಿರಲಿ, ಆ ತಪಾಸಣೆ ಮಾಡಿಸಿಕೊಳ್ಳಬೇಕು.

ನರಹುಲಿಗಿಂತ ಹೆಚ್ಚಾಗಿ ಮನೆ ಒಡೆಯುವುದು ಶಂಕೆ. ವೈರಸ್ ದೇಹ ಸೇರಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ನರಹುಲಿ ಕಾಣಿಸಬಹುದು. ಏನೂ ಕಾಣದವರಿಂದಲೂ ಹರಡಬಹುದು. ಹೀಗಾಗಿ ಅದು ಯಾರಿಂದ, ಯಾವಾಗ ಬಂತೆಂದು ನರಹುಲಿ ನೋಡಿ ಯಾವ ಹಕೀಮರೂ, ಯಾವ ಡಾಕ್ಟರೂ ಹೇಳಲಾರರು. ಪತಿವ್ರತೆಯರ ಮೇಲೆ ಆರೋಪ ಹೊರಿಸುವವರಿಂದ ಕುರ್‌ಆನಿನ ಸೂರಃ ಅನ್ನೂರ್ ನಾಲ್ವರು ಸಾಕ್ಷಿಗಳನ್ನು ಕೇಳುತ್ತದೆ. ನರಹುಲಿಯನ್ನೇ ಸಾಕ್ಷಿ ಮಾಡಿ ಹೆಂಡತಿಯನ್ನು ತವರಿಗೆ ಕಳಿಸುವುದು ಅನ್ಯಾಯ.

ಸುಣ್ಣ-ಸೋಡಾ, ಆಸಿಡ್ ಹಚ್ಚಬೇಡಿ, ಬ್ಲೇಡಿನಿಂದ ಕತ್ತರಿಸಬೇಡಿ. ಅಲ್ಲಿನ ಚರ್ಮ ಮೃದು, ಸುಟ್ಟು ಹುಣ್ಣಾಗುತ್ತದೆ. ಯೂನಾನಿ ವೈದ್ಯನಾಗಿಯೇ ಹೇಳುತ್ತೇನೆ: ಇದಕ್ಕೆ ಮೊದಲು ಚರ್ಮರೋಗ ತಜ್ಞರ ಬಳಿ ಹೋಗಿ. ಅವರು ಔಷಧ ಹಚ್ಚಿ, ಶೀತದಿಂದ ಹೆಪ್ಪುಗಟ್ಟಿಸಿ ಅಥವಾ ವಿದ್ಯುತ್ತಿನಿಂದ ಸುಟ್ಟು ತೆಗೆಯುತ್ತಾರೆ. ಮೊದಲ ಕೆಲವು ತಿಂಗಳಲ್ಲಿ ಮತ್ತೆ ಬರಬಹುದು, ಧೈರ್ಯಗೆಡಬೇಡಿ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ, ಕೆಲವು ಔಷಧಗಳು ಆಗ ನಿಷಿದ್ಧ.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ತಪಾಸಣೆ ಉಚಿತ, ವಿಷಯ ಗುಟ್ಟಾಗಿರುತ್ತದೆ. ಊರಿನವರು ನೋಡುತ್ತಾರೆಂಬ ಅಳುಕಿದ್ದರೆ ಸಿಂಧನೂರು, ಲಿಂಗಸುಗೂರಿನ ಆಸ್ಪತ್ರೆಗಳಲ್ಲೋ ರಾಯಚೂರಿನ ರಿಮ್ಸ್‌ನಲ್ಲೋ ವಿಚಾರಿಸಿ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿ. 1097ಕ್ಕೆ ಉಚಿತವಾಗಿ ಕರೆಮಾಡಿ ಕೇಳಬಹುದು. 6, 11, 16, 18ನೇ ಬಗೆಗಳನ್ನು ತಡೆಯುವ ಲಸಿಕೆಯೂ ಇದೆ; 9ರಿಂದ 14ರ ವಯಸ್ಸಿನಲ್ಲಿ ಕೊಡಿಸುವುದು ಉತ್ತಮ.

ಗಂಡ-ಹೆಂಡತಿ ಇಬ್ಬರೂ ಜೊತೆಯಾಗಿ ಹೋಗಿ.